ಗ್ರೈಂಡರ್‌ಗೊಂದು ಗದ್ದುಗೆ

ಕಬ್ಬಿಣದ ಕೆಲಸ ನಡೆಯುವ ಕಡೆ ನಗುವ ಸಂಗತಿಗಳಿಗೆ ಬರವಿಲ್ಲ. ಆದರೆ ಅವು ಸಾಮಾನ್ಯವಾಗಿ ನೆಲದ ರಕ್ತ ಒರೆಸಿದ ಮೇಲೆ ಶುರುವಾಗುತ್ತವೆ.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದಾಗ ಹೈದರಾಬಾದಿನಲ್ಲಿ ಎಲ್ಲರೂ ಕಂಪ್ಯೂಟರ್ ಕಲಿಯುತ್ತಿದ್ದರು. ದಿಲ್‌ಸುಖ್‌ನಗರದ ನಮ್ಮ ಓಣಿಯಲ್ಲಿ ಕೋಚಿಂಗ್ ಸೆಂಟರ್ ಇಲ್ಲದ ಮಹಡಿ ಎಂದರೆ ನೀರಿನ ಟ್ಯಾಂಕ್ ಇದ್ದ ಮಹಡಿ ಮಾತ್ರ. ನನಗೆ ಕೆಲಸ ಸಿಕ್ಕಿದ್ದು ಶಂಶಾಬಾದ್ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ. ಸಾಫ್ಟ್‌ವೇರ್ ಆಫೀಸುಗಳಿಗೆ ಮೇಜು, ಅಡ್ಡಗೋಡೆ ತಯಾರಿಸುತ್ತಿದ್ದೆವು. ಅಲ್ಲಿ ಕೂತು ಕೆಲಸ ಮಾಡುವವರ ಮೊಣಕೈ ನೋಯಬಾರದೆಂದು ಕೀಬೋರ್ಡಿನ ಹಲಗೆ ಮೇಲೆ ಕೆಳಗೆ ಸರಿಯಬೇಕು. ಕತ್ತು ನೋಯಬಾರದೆಂದು ಕಂಪ್ಯೂಟರ್ ಪರದೆ ಹಿಡಿದ ತೋಳು ಬಾಗಬೇಕು. ಇದನ್ನೆಲ್ಲ ಮಾಡಿಕೊಡುವವರ ಗ್ರೈಂಡರ್ ಮಾತ್ರ ನೆಲದ ಮೇಲೆ, ಇಲ್ಲವೆ ಬೆಂಚಿನ ತುದಿಯಲ್ಲಿ.

ಗ್ರೈಂಡರ್ ಎಂದರೆ ಹಿಟ್ಟು ರುಬ್ಬುವುದಲ್ಲ. ಕಬ್ಬಿಣ ಕೊಯ್ಯುವ, ಅಂಚು ಉಜ್ಜುವ, ಕೈಯಲ್ಲಿ ಹಿಡಿಯುವ ಯಂತ್ರ. ಗುಂಡಿ ಆರಿಸಿದ ಮೇಲೂ ಅದರ ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ. ಮುಂದಿನದೆಲ್ಲ ಆ ಸ್ವಲ್ಪ ಹೊತ್ತಿನಿಂದ ಆದದ್ದು.

ಬರೆಯುವ ಕೈ

ಶೆಡ್ಡಿನ ಮಿಸ್ತ್ರಿ ರಾಯಚೂರು ಕಡೆಯವರು. ಅಲ್ಲಿ ಎಲ್ಲರಿಗಿಂತ ಹಳಬರು. ಒಂದು ದಿನ ಗ್ರೈಂಡರ್ ಆರಿಸಿ, ಚಕ್ರ ಇನ್ನೂ ತಿರುಗುತ್ತಿರುವಾಗಲೇ ಬೆಂಚಿನ ಮೇಲಿಟ್ಟರು. ಅದು ತಾನಾಗಿ ತೆವಳಿಕೊಂಡು ಅಂಚು ದಾಟಿತು. ಮನೆಯಲ್ಲಿ ಲೋಟ ಜಾರಿದರೆ ಯಾರಾದರೂ ಏನು ಮಾಡುತ್ತಾರೋ ಮಿಸ್ತ್ರಿ ಅದನ್ನೇ ಮಾಡಿದರು. ಹಿಡಿಯಲು ಕೈ ಚಾಚಿದರು. ಎಡಗೈಯ ಕೊನೆಯ ಎರಡು ಬೆರಳು ಹೋದವು.

ಆಟೋದಲ್ಲಿ ನಾನೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಗಾಯ ನೋಡಿ ಕೇಳಿದರು, "ಯಾವ ಕೈಯಿಂದ ಬರೆಯುತ್ತೀರಿ?"

"ಬರಿಯಾಕ ಬರಂಗಿಲ್ರಿ," ಎಂದರು ಮಿಸ್ತ್ರಿ.

"ಹಾಗಾದರೆ ಅಂಥ ನಷ್ಟವೇನಿಲ್ಲ," ಎಂದು ಡಾಕ್ಟರು ಸೂಜಿ ತೆಗೆದುಕೊಂಡರು.

ಮಾಲೀಕರು ಎಳನೀರು ಹಿಡಿದು ನೋಡಲು ಬಂದರು. ಕಲಬುರ್ಗಿ ಮೂಲದ ಮನೆತನ, ಮಾತು ಒರಟು, ಮನುಷ್ಯ ಕೆಟ್ಟವರಲ್ಲ. ಹಾಸಿಗೆಯ ಪಕ್ಕದಲ್ಲೇ ನಿಂತು ನನಗೆ ಹೇಳಿದರು, "ನೋಡಪಾ ಸೈನ್ಸ್, ಗ್ರೈಂಡರ್ ಹಿಡಿಯಾಕ ಎರಡು ಕೈ ಬೇಕು. ಇಂವಗ ಒಂದೂವರಿ ಉಳದೈತಿ. ದಸರಾ ಆದಮ್ಯಾಲೆ ದೊಡ್ಡ ಆರ್ಡರ್ ಕೊಡೋ ಕಂಪನಿಯವರು ಶೆಡ್ ನೋಡಾಕ ಬರ್ತಾರ. ಅಷ್ಟರಾಗ ಗ್ರೈಂಡರ್ ಬೀಳದಂಗ ಬೆಂಚಿಗೆ ಏನಾರ ಒಂದು ಹೋಲ್ಡರ್ ಮಾಡು. ಅದನ್ನ ಇಟಗೊಂಡು ಇಂವಾ ಕೆಲಸ ಮಾಡಿದ್ರ ಇರ್ಲಿ. ಇಲ್ಲಂದ್ರ ಊರಿಗಿ ಹೋಗ್ಲಿ. ನಾಂಪಲ್ಲಿ ಸ್ಟೇಷನ್ ತನಕ ನಾನ ನನ್ನ ಕಾರಿನಾಗ ಬಿಟ್ಟು ಬರ್ತೀನಿ."

ಅಷ್ಟು ವರ್ಷಗಳಲ್ಲಿ ಮಿಸ್ತ್ರಿ ಆ ಕಾರನ್ನು ತೊಳೆದಿದ್ದರೇ ಹೊರತು ಹತ್ತಿರಲಿಲ್ಲ. ಮಲಗಿದಲ್ಲಿಂದಲೇ ಹೇಳಿದರು, "ಸೇಟ್, ಕಾರಿನಾಗ ಕುಂದರಸ್ತೀರಿ ಅಂತ ಮೊದಲ ಹೇಳಿದ್ರ, ಆ ಇನ್ನೊಂದು ಕೈನೂ ಕೊಡ್ತಿದ್ನಲ್ರಿ."

ಅಳತೆ

ಹೋಲ್ಡರ್ ಕೆಲಸ ಮಾಡುವವನ ಮೊಣಕೈ ಮಟ್ಟಕ್ಕೆ ಇರಬೇಕು. ಆದ್ದರಿಂದ ಮೊದಲು ಎಲ್ಲರ ಮೊಣಕೈ ಎತ್ತರ ಅಳೆಯಬೇಕು. ಟೇಪ್ ಹಿಡಿದು ಹೊರಟೆ.

ಶೆಡ್ಡಿನ ಯಂತ್ರಗಳು ಒಂದೊಂದಾಗಿ ನಿಂತವು. ಮಿಸ್ತ್ರಿಯ ಬೆಂಚು ಖಾಲಿ ಇತ್ತು. ಅದರ ಪಕ್ಕದಲ್ಲಿ ನಾನು ಟೇಪ್ ಬಿಚ್ಚಿದ್ದೆ. ತೆಲುಗು, ಕನ್ನಡ ಬೆರೆಸಿ ಮಾತಾಡುವ ಪೇಂಟರ್ ಯಾಕೆಂದು ಕೇಳಿದ, "ಅಳತಿ ಎಂದುಕು ಸಾರ್?"

"ನಿಮ್ಮ ಒಳ್ಳೇದಕ್ಕೆ."

ಇದು ಹೇಳಬಾರದ ಮಾತು ಎಂದು ಆಮೇಲೆ ತಿಳಿಯಿತು. ಒಳ್ಳೇದಕ್ಕೆ ಎಂದು ಹೇಳಿ ಯಾರೂ ಯಾವತ್ತೂ ಅವರಿಗೆ ಒಳ್ಳೇದು ಮಾಡಿರಲಿಲ್ಲ. ಊಟದ ಹೊತ್ತಿಗೆ ಸುದ್ದಿ ಹಬ್ಬಿತ್ತು: ಕಂಪನಿಯವರು ನೋಡಲು ಬರುತ್ತಾರೆ, ಎತ್ತರ ಇದ್ದವರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ, ಗಿಡ್ಡರೆಲ್ಲ ಮಿಸ್ತ್ರಿಯ ಜೊತೆಗೇ ಊರಿಗೆ.

ಮಧ್ಯಾಹ್ನ ಎಲ್ಲರೂ ಪೊಲೀಸ್ ಭರ್ತಿಗೆ ನಿಂತವರಂತೆ ಎದೆ ಉಬ್ಬಿಸಿ, ಭುಜ ಏರಿಸಿ ನಿಂತರು. ನಾನು ಶ್ರದ್ಧೆಯಿಂದ ಅಳೆದೆ. ಆ ಅಳತೆಗಳ ಸರಾಸರಿಗೆ ಮೊದಲ ಹೋಲ್ಡರ್ ಮಾಡಿ ಬೆಂಚಿಗೆ ಬಿಗಿದೆ. ಯಾರ ಕೈಗೂ ಅದು ಸರಿಯಾಗಿ ಸಿಗಲಿಲ್ಲ. ವಿಚಾರಿಸಿದರೆ, ಪೇಂಟರ್ ಅವತ್ತು ಚಪ್ಪಲಿಯೊಳಗೆ ಪ್ಲೈವುಡ್ ತುಂಡು ಇಟ್ಟುಕೊಂಡು ನಿಂತಿದ್ದನಂತೆ.

ನನ್ನ ಹೋಲ್ಡರಿನಲ್ಲಿ ಗ್ರೈಂಡರ್ ಇಡಲು ಅವನು ಮತ್ತೆ ಅದೇ ಪ್ಲೈವುಡ್ ಹಾಕಿಕೊಂಡ.

ತೋಳು

ಎತ್ತರ ಬದಲಾಯಿಸುವಂತಿರಬೇಕು ಎಂಬುದು ಹೀಗೆ ಖಚಿತವಾಯಿತು. ಗೋದಾಮಿನಲ್ಲಿ ಆಫೀಸಿನವರು ಬೇಡವೆಂದು ವಾಪಸು ಕಳಿಸಿದ ಪರದೆ ಹಿಡಿಯುವ ತೋಳುಗಳು ಬಿದ್ದಿದ್ದವು. ಒಳಗೆ ಸ್ಪ್ರಿಂಗ್ ಇರುವಂಥವು. ಒಂದನ್ನು ತಂದು, ಗ್ರೈಂಡರ್ ತೂಕಕ್ಕೆ ಸರಿಯಾಗಿ ಸ್ಪ್ರಿಂಗ್ ಬಿಗಿಮಾಡಿ, ತುದಿಗೆ ಗ್ರೈಂಡರ್ ಕೂರಿಸಿದೆ. ಚೆನ್ನಾಗಿ ನಿಂತಿತು. ಎಲ್ಲಿ ಬಿಟ್ಟರೆ ಅಲ್ಲಿ.

ಮಿಸ್ತ್ರಿ ಪಟ್ಟಿ ಕಟ್ಟಿದ ಕೈಯಲ್ಲಿ ಅದನ್ನು ಮೆಲ್ಲಗೆ ತಳ್ಳಿ ನೋಡಿದರು. "ಛಲೋ ಐತ್ರಿ ಸರ. ಕೂಸಿನ್ನ ಎತಗೊಂಡಂಗ ಐತಿ."

ಮಾಲೀಕರು ಬಂದು ಮುಖ ಹತ್ತಿರ ತಂದು ಬಗ್ಗಿ ನೋಡಿದರು. "ಹೂಂ. ತಗದು ತೋರಸು."

ನಾನು ಗ್ರೈಂಡರ್ ತೆಗೆದೆ. ತೂಕ ಹೊರಲು ಬಿಗಿದ ಸ್ಪ್ರಿಂಗ್, ತೂಕ ಇಲ್ಲದಾಗ ಏನು ಮಾಡುತ್ತದೆ ಎಂಬುದು ಪಿಯುಸಿ ಮೊದಲ ವರ್ಷದ ಪಾಠ. ತೋಳು ಮೇಲಕ್ಕೆ ಹಾರಿ ಮಾಲೀಕರ ಗದ್ದಕ್ಕೆ ಕೆಳಗಿನಿಂದ ಬಡಿಯಿತು. ಅವರು ನೆಲದ ಮೇಲೆ ಕುಳಿತರು. ಯಾರೂ ನಗಲಿಲ್ಲ. ಅದು ಸುಲಭದ ಕೆಲಸವಾಗಿರಲಿಲ್ಲ.

ನಾಲಿಗೆ ತಿರುಗುವಂತಾದ ಮೇಲೆ ಮಾಲೀಕರು ಹೇಳಿದರು, "ಇನ್ನ ಒಂದ ಸಲ. ಆಮ್ಯಾಲೆ ಅಂವನ ಜೋಡಿ ನೀನೂ ನಾಂಪಲ್ಲಿಗಿ."

ಅವರು ಹೋದ ಮೇಲೆ ಮಿಸ್ತ್ರಿ ತೋಳನ್ನು ಬಹಳ ಹೊತ್ತು ನೋಡಿದರು. "ಮಿಷಿನಿಗಿ ಮಂದಿ ಗುರ್ತ ಸಿಗತೈತ್ರಿ ಸರ."

ಊದುಬತ್ತಿ

ಮೂರನೆಯದರಲ್ಲಿ ಸ್ಪ್ರಿಂಗ್ ಇಲ್ಲ. ಬೆಂಚಿಗೆ ನೆಟ್ಟಗೆ ಒಂದು ಪೈಪು. ಪೈಪಿನ ಮೇಲೆ ಏರಿ ಇಳಿಯುವ ಒಂದು ಬಳೆ. ಬೇಕಾದ ಎತ್ತರದಲ್ಲಿ ಬಳೆಯನ್ನು ಬಿಗಿಯಲು ರೆಕ್ಕೆ ಇರುವ ನಟ್ಟು. ಬಳೆಗೆ ಸೇರಿಸಿದ ತಗಡಿನ ಗೂಡಿನಲ್ಲಿ ಗ್ರೈಂಡರನ್ನು ಚಕ್ರ ಕೆಳಗಾಗಿ ಇಟ್ಟರೆ, ಚಕ್ರ ತಿರುಗುತ್ತಿದ್ದರೂ ಏನಕ್ಕೂ ತಾಗುವುದಿಲ್ಲ. ಪಕ್ಕದಲ್ಲಿ ಕಚ್ಚಿ ಹಿಡಿಯುವ ಒಂದು ಕ್ಲ್ಯಾಂಪ್ ಇತ್ತು. ಅದರಲ್ಲಿ ಗ್ರೈಂಡರನ್ನೇ ಕಚ್ಚಿಸಿ ನಿಲ್ಲಿಸಿ, ಕಬ್ಬಿಣವನ್ನು ಚಕ್ರದ ಹತ್ತಿರ ಒಯ್ಯಬಹುದು. ನಟ್ಟಿನ ರೆಕ್ಕೆಗಳನ್ನು ದೊಡ್ಡದಾಗಿ ಮಾಡಿಸಿದ್ದೆ, ಹೆಬ್ಬೆರಳು ಮತ್ತು ಎರಡು ಬೆರಳಿಗೆ ಸಿಗುವಂತೆ.

ಮಿಸ್ತ್ರಿ ನಟ್ಟು ಬಿಗಿದರು, ಸಡಿಲಿಸಿದರು, ಮತ್ತೆ ಬಿಗಿದರು. ಒಂದು ಕಬ್ಬಿಣದ ಪಟ್ಟಿ ಕೊಯ್ದು, ಅಂಚಿಗೆ ಹೆಬ್ಬೆರಳು ಸವರಿ ನೋಡಿ, ಕೆಳಗಿಟ್ಟರು. ಬೆರಳು ಹೋದ ಮೇಲೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದವರು ಅವತ್ತು ಎಲ್ಲರ ಜೊತೆ ಕುಳಿತು ಉಂಡರು.

ಎಲ್ಲ ಬೆಂಚಿಗೂ ಹೋಲ್ಡರ್ ಬಿಗಿದು ಮುಗಿಯುವ ಹೊತ್ತಿಗೆ ಆಯುಧ ಪೂಜೆ ಬಂತು. ಪ್ರತಿ ವರ್ಷ ಯಂತ್ರಗಳನ್ನು ನೆಲದ ಮೇಲೆ ಗೋಣಿ ಹಾಸಿ ಪೂಜಿಸುತ್ತಿದ್ದರು. ಈ ಸಲ ಮಾಲೀಕರ ವಯಸ್ಸಾದ ತಾಯಿ ಬಂದವರು, ಹೊಸ ಹೋಲ್ಡರುಗಳ ಸಾಲು ನೋಡಿ ಸಂತೋಷಪಟ್ಟರು. "ಎಷ್ಟು ಚಂದ ಗದ್ದಿಗಿ ಮಾಡ್ಯಾನ ನೋಡು ಹುಡುಗ!" ಒಂದೊಂದಕ್ಕೂ ಅರಿಶಿನ ಕುಂಕುಮ, ಚೆಂಡುಹೂವಿನ ಮಾಲೆ. ನಡುವಿನದರ ಮೇಲೆ ದೇವಿಯ ಪಟ. ನಾನು ಕೈಮುಗಿದೆ. ಅಪಾಯ ಕಾಣಲಿಲ್ಲ.

ಹಬ್ಬ ಮುಗಿದು ಕೆಲಸಕ್ಕೆ ಬಂದು ನೋಡಿದರೆ, ಗ್ರೈಂಡರುಗಳೆಲ್ಲ ಮತ್ತೆ ನೆಲದ ಮೇಲೆ ಇದ್ದವು.

"ಹೋಲ್ಡರಿನಲ್ಲಿ ಯಾಕೆ ಇಟ್ಟಿಲ್ಲ?"

"ಅಯ್ಯೋ ಸಾರ್," ಎಂದು ಪೇಂಟರ್ ಕೆನ್ನೆ ಮುಟ್ಟಿಕೊಂಡ. "ಗದ್ದಿಗಿ ಅದು. ಎಣ್ಣಿ, ಧೂಳು, ಎಲ್ಲಾ ಮೈಲಿಗಿ ಸಾಮಾನು ಅದರ ಮ್ಯಾಲ ಹೆಂಗ ಇಡೋದು?"

ಗ್ರೈಂಡರ್ ನೆಲದ ಮೇಲೆ ಗಿರಗಿರ ತಿರುಗುತ್ತಿತ್ತು. ಹೋಲ್ಡರಿನಲ್ಲಿ ಊದುಬತ್ತಿ ಭದ್ರವಾಗಿ ನಿಂತಿತ್ತು. ಅದಕ್ಕೆ ಸರಿಯಾಗಿ ಎತ್ತರವನ್ನೂ ಹೊಂದಿಸಿದ್ದರು.

ಪ್ಲೈವುಡ್ ಹಿಂದೆ

ನನ್ನ ಮಾತು ಯಾರೂ ಕೇಳಲಿಲ್ಲ. ಕೊನೆಗೆ ಮಿಸ್ತ್ರಿ ದೇವಿಯ ಪಟದ ಮುಂದೆ ಎಲ್ಲರನ್ನೂ ಸೇರಿಸಿದರು. "ಸರಿಯಾಗಿ ನೋಡ್ರಲೇ. ಎಂಟು ಕೈಯಾಗ ಎಂಟು ಆಯುಧ ಹಿಡದಾಳ ತಾಯಿ. ಒಂದಾರ ನೆಲದ ಮ್ಯಾಲ ಇಟ್ಟಾಳೇನು?" ಸಂಜೆಯೊಳಗೆ ಗ್ರೈಂಡರುಗಳು ಗೂಡು ಸೇರಿದವು. ಒಂದು ತೊಂದರೆ ಮಾತ್ರ ಉಳಿಯಿತು. ಇಡುವ ಮೊದಲು ಎಲ್ಲರೂ ಹೋಲ್ಡರಿಗೆ ಕೈಮುಗಿಯುತ್ತಿದ್ದರು.

ಆ ವಾರವೇ ಕಂಪನಿಯವರು ಬರುವ ದಿನ ಬಂತು. ಬೆಳಿಗ್ಗೆ ಮಾಲೀಕರು ಮಿಸ್ತ್ರಿಯನ್ನು ಕರೆದರು. "ನೀ ಕೆಲಸ ಮಾಡೂದನ್ನ ನಾ ನೋಡೀನಿ, ಖರೆ. ಆದ್ರ ಅವರು ಸೇಫ್ಟಿ ನೋಡಾಕ ಬರಾಕತ್ತಾರ. ನಿನ್ನ ಕೈ ಕಂಡ್ರ ಆರ್ಡರ್ ಹೋತು. ಆರ್ಡರ್ ಹೋದ್ರ ನಿಂದೂ ಹೋತು. ಅವರು ಹೋಗೂ ತನಕ ಆ ಪ್ಲೈವುಡ್ ರಾಶಿ ಹಿಂದ ಕುಂದ್ರು."

ಮಿಸ್ತ್ರಿ ನನ್ನ ಕಡೆ ನೋಡಿದರು. ನಾನು ಒಂದು ನಟ್ಟು ಒರೆಸತೊಡಗಿದೆ. ಅವರು ಹೋಗಿ ಕುಳಿತರು.

ಬಂದವರು ಮೈಸೂರಿನ ಹುಡುಗಿ. ಕನ್ನಡ ಕೇಳಿ ಮಾಲೀಕರಿಗೆ ಅರ್ಧ ಆರ್ಡರ್ ಬಂದಷ್ಟು ಖುಷಿ. ಆಕೆಗೆ ಹೋಲ್ಡರ್ ಹಿಡಿಸಿತು. "ಯಾರಾದ್ರೂ ಬಳಸಿ ತೋರಿಸಿ," ಎಂದರು.

ಪೇಂಟರ್ ಮುಂದೆ ಬಂದ. ಗ್ರೈಂಡರ್ ಆರಿಸಿದ, ಹೋಲ್ಡರಿಗೆ ಕೈಮುಗಿದ, ಚಕ್ರ ಕೆಳಗೆ ಮಾಡಿ ಇಟ್ಟ.

"ಆ ನಮಸ್ಕಾರ ಯಾಕೆ?"

"ಅದು ಚೆಕಿಂಗ್ರಿ ಮೇಡಂ," ಎಂದರು ಮಾಲೀಕರು.

"ಸರಿ. ಚಕ್ರ ಯಾಕೆ ಕೆಳಗಡೆ ಬರಬೇಕು?" ಆಕೆ ಪೇಂಟರನ್ನೇ ಕೇಳಿದರು.

ಪೇಂಟರ್ ಬೆವರಿದ. ನನ್ನನ್ನು ನೋಡಿದ, ಮಾಲೀಕರನ್ನು ನೋಡಿದ. ಆಮೇಲೆ ತಿರುಗಿ ಪ್ಲೈವುಡ್ ರಾಶಿಗೆ ಕೇಳಿದ, "ಎಂದುಕು ಮಿಸ್ತ್ರಿ ಅಣ್ಣಾ?"

ಪ್ಲೈವುಡ್ ಉತ್ತರ ಕೊಡಲಿಲ್ಲ. ಕೆಮ್ಮಿತು. ಮಿಸ್ತ್ರಿ ಧೂಳು ಕೊಡವಿಕೊಂಡು, ಎಡಗೈ ಜೇಬಿನಲ್ಲಿಟ್ಟು ಹೊರಗೆ ಬಂದರು. ಬಲಗೈಯಿಂದ ಗ್ರೈಂಡರ್ ಎತ್ತಿದರು. ಗೂಡನ್ನು ತಮ್ಮ ಎತ್ತರಕ್ಕೆ ತರಲು ನಟ್ಟು ಸಡಿಲಿಸಬೇಕು, ಅದಕ್ಕೆ ಇನ್ನೊಂದು ಕೈ ಬೇಕಾಯಿತು. ಒಂದು ಕ್ಷಣ ನಿಂತರು. ಕೈ ಜೇಬಿನಿಂದ ಹೊರಗೆ ಬಂತು.

"ಇದು?" ಎಂದರು ಆಕೆ.

"ಹಳೇದು ಮೇಡಂ. ಊರಾಗ ಆದದ್ದು. ಕಬ್ಬಿನ ಗಾಣ..." ಎಂದು ಮಾಲೀಕರು ಶುರುಮಾಡಿದರು.

"ಇಲ್ಲೇ ಆದದ್ರಿ ಅವ್ವಾರ," ಎಂದರು ಮಿಸ್ತ್ರಿ. "ಈ ಬೆಂಚಿನ ಮ್ಯಾಲೇ. ಚಕ್ರ ನಿಂತಿದ್ದಿಲ್ಲ, ಹಂಗ ಇಟ್ಟೆ. ಅದು ಹೊಂಟ್ತು. ನಾ ಹಿಡಿಯಾಕ ಹೋದೆ." ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದರು. "ಅದಕ್ಕ ಚಕ್ರ ಕೆಳಗ."

ಮಾಲೀಕರು ಕಣ್ಣು ಮುಚ್ಚಿಕೊಂಡರು. ಆಕೆ ಬಗ್ಗಿ ಗೂಡನ್ನೂ ನಟ್ಟನ್ನೂ ನೋಡಿದರು. ಆಮೇಲೆ ಹೇಳಿದರು, "ಬೇರೆ ಎಲ್ಲಾ ಕಡೆ ನನಗೆ ಗೋಡೆ ಮೇಲಿನ ಸೇಫ್ಟಿ ಬೋರ್ಡ್ ತೋರಿಸಿದ್ರು. ಅದನ್ನ ಒಬ್ಬರೂ ಓದಿರಲಿಲ್ಲ." ಆರ್ಡರ್ ಕೊಡುತ್ತೇವೆ, ಆದರೆ ಒಂದು ಷರತ್ತು ಎಂದರು. ತಮ್ಮ ಕಂಪನಿಗೆ ಸಾಮಾನು ಮಾಡಿಕೊಡುವ ಎಲ್ಲ ಶೆಡ್ಡುಗಳಿಗೂ ಈ ಹೋಲ್ಡರ್ ಬೇಕು. ಅದನ್ನು ಹೇಳಿಕೊಡಲು ಈ ಮಿಸ್ತ್ರಿಯೇ ಬರಬೇಕು.

ಹೋಗುವಾಗ ಮಿಸ್ತ್ರಿಯ ಕೈಯ ಫೋಟೋ ತೆಗೆದುಕೊಂಡರು, ಮುಖದ್ದಲ್ಲ. ಮಿಸ್ತ್ರಿಗೆ ಅದೊಂದು ಬೇಸರ. "ಮಾರಿ ಬಿಟ್ಟು ಬರೇ ಕೈ ತಗದ್ರಲ್ರಿ ಸರ. ಮನ್ಯಾಗ ಹೆಂಡತಿಗಿ ಗುರ್ತ ಹೆಂಗ ಸಿಗಬೇಕು?"

"ಮಾರಿಗಿಂತ ಬೇಗ ಸಿಗತೈತಿ, ಕಾಳಜಿ ಬಿಡು," ಎಂದರು ಮಾಲೀಕರು.

ನಸೀಬು

ಹೀಗೆ ಮಿಸ್ತ್ರಿಯ ಕೆಲಸ ಉಳಿಯಿತು. ಬೆಳಿಗ್ಗೆ ನಮ್ಮ ಶೆಡ್ಡಿನಲ್ಲಿ ಕೊಯ್ಯುವುದು, ಮಧ್ಯಾಹ್ನ ಬೇರೆ ಶೆಡ್ಡುಗಳಲ್ಲಿ ಕಲಿಸುವುದು. ಹೋಲ್ಡರ್ ಕಾರಿನ ಹಿಂದಿನ ಸೀಟಿನಲ್ಲಿ, ಅದರ ಪಕ್ಕ ನಾನು. ಮಿಸ್ತ್ರಿ ಮುಂದೆ, ಮಾಲೀಕರ ಪಕ್ಕದಲ್ಲಿ.

ಒಂದು ದಿನ ಹೋದದ್ದು ನಮ್ಮ ಮಾಲೀಕರ ದೋಸ್ತರ ಶೆಡ್ಡಿಗೆ. ಬೀದರ್ ಕಡೆಯವರು, ನಮ್ಮದೇ ಧಂದೆ. ಅಲ್ಲಿನ ಬೆಂಚಿನ ಪಕ್ಕ ನಾನು ಮೊದಲು ಹೋಲ್ಡರ್ ವಿವರಿಸಿದೆ. ಎತ್ತರ, ಕೋನ, ಚಕ್ರದ ವೇಗ. ಕೆಲಸಗಾರರಲ್ಲಿ ಒಬ್ಬ ಆಕಳಿಸಿದ, ಇಬ್ಬರು ಚಹಾಕ್ಕೆ ಹೊರಟರು.

ಆಮೇಲೆ ಮಿಸ್ತ್ರಿ ನಿಂತು ಕೈ ಎತ್ತಿದರು. ಚಹಾಕ್ಕೆ ಹೊರಟವರು ಬಾಗಿಲಲ್ಲೇ ನಿಂತರು. ಮಿಸ್ತ್ರಿ ಹೇಳಿದ್ದು ನಾಲ್ಕೇ ಮಾತು. ಎಲ್ಲರೂ ಸಾಲಾಗಿ ಬಂದು ನಟ್ಟು ಬಿಗಿದು, ಸಡಿಲಿಸಿ, ಗ್ರೈಂಡರ್ ಇಟ್ಟು, ತೆಗೆದು ಕಲಿತರು.

ಆ ಶೆಡ್ಡಿನ ಮಾಲೀಕರು ಇದನ್ನೆಲ್ಲ ಕೈಕಟ್ಟಿ ನೋಡಿದರು. ನಮ್ಮ ಮಾಲೀಕರನ್ನು ಒಂದು ಕಡೆ ಕರೆದುಕೊಂಡು ಹೋದರು. ನಾನು ಅಲ್ಲೇ ಪೈಪು ಬಿಚ್ಚುತ್ತಿದ್ದೆ.

"ನಿಮ್ಮ ನಸೀಬು ಛಲೋ ಐತ್ರಿ," ಎಂದು ಅವರು ನಿಟ್ಟುಸಿರು ಬಿಟ್ಟರು. "ಎಂಥಾ ಮನಶಾ ಸಿಕ್ಕಾನ ನಿಮಗ! ನಮ್ಮ ಕಡೆ ಹಿಂಗ ಹೇಳಿದ್ರ ಯಾರು ಕೇಳ್ತಾರ? ಒಬ್ಬೊಬ್ಬರದೂ ಹತ್ತಕ್ಕ ಹತ್ತು ಬೆರಳು ನೆಟ್ಟಗ ಅದಾವ."

ನಮ್ಮ ಮಾಲೀಕರು ಅವರ ಹೆಗಲ ಮೇಲೆ ಕೈಹಾಕಿ ಸಮಾಧಾನ ಹೇಳಿದರು.

"ಯಾಕ ಚಿಂತಿ ಮಾಡ್ತೀರಿ? ನಿಮ್ಮ ಕಡೆ ಇನ್ನೂ ಹೋಲ್ಡರ್ ಹಾಕಿಲ್ಲಲ್ಲ. ಆಗತೈತಿ ತಗೋರಿ."