ಮನೆ ಫೋಟೋದಲ್ಲಿ ಅಮ್ಮ

ಕುರ್ಚಿ ಇರುವುದು ಕೂರುವುದಕ್ಕೆ ಎಂಬುದನ್ನು ನಮ್ಮ ಮನೆಯವರು ಯಾವತ್ತೋ ಮರೆತುಬಿಟ್ಟಿದ್ದೇವೆ. ಅದು ಒಗೆದ ಬಟ್ಟೆ ಮಡಿಸುವವರಿಗಾಗಿ ಕಾಯುವ ಜಾಗ. ಡೈನಿಂಗ್ ಟೇಬಲ್ ಇರುವುದು ಮಾತ್ರೆ, ಕರೆಂಟ್ ಬಿಲ್ಲು ಮತ್ತು ಅರ್ಧ ಬಿಡಿಸಿಟ್ಟ ಅವರೆಕಾಯಿಗೆ. ಊಟ ನೆಲದ ಮೇಲೆ. ಫ್ರಿಜ್ಜಿನ ಪಕ್ಕದ ಸಂದಿಯಲ್ಲಿ, ಕ್ಯಾರಿಬ್ಯಾಗುಗಳನ್ನೇ ತುರುಕಿಟ್ಟ ಒಂದು ದೊಡ್ಡ ಕ್ಯಾರಿಬ್ಯಾಗು. ಇಷ್ಟೆಲ್ಲದರ ನಡುವೆ ನಾವು ಸುಖವಾಗಿಯೇ ಇದ್ದೆವು. ಮನೆಯನ್ನು ಮಾರಾಟಕ್ಕಿಟ್ಟಾಗಲೇ ಗೊತ್ತಾದದ್ದು, ಮನೆಗೂ ವಧುಪರೀಕ್ಷೆ ಇರುತ್ತದೆ ಎಂದು.

ಮಾರುವುದಕ್ಕೆ ಕಾರಣ ಅಮ್ಮನ ಮಂಡಿನೋವು. ಆರ್.ಟಿ. ನಗರದ ನಮ್ಮ ಫ್ಲಾಟು ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅಮ್ಮ ಕೆಳಗಿಳಿದು ಎಷ್ಟೋ ತಿಂಗಳಾಗಿತ್ತು. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಗಾಡಿಯವನಿಂದ ಸೊಪ್ಪು ತರಿಸಿಕೊಳ್ಳುತ್ತಿದ್ದಳು. ಬುಟ್ಟಿ ಮೇಲೆ ಬಂದ ಕೂಡಲೇ, “ಮುಟ್ಟಿ ನೋಡ್ದೆ ತಗೊಂಡ್ರೆ ಇದೇ ಗತಿ” ಎಂದು ಗೊಣಗುತ್ತಿದ್ದಳು. ಯಲಹಂಕದಲ್ಲಿ ನೆಲಮಹಡಿಯ ಮನೆಯೊಂದು ಸಿಕ್ಕಿತ್ತು. ಅದರ ಓನರ್ರು ತಿಂಗಳ ಕೊನೆಯವರೆಗೆ ಮಾತ್ರ ಕಾಯುವುದಾಗಿ ಹೇಳಿದ್ದರು. ಅಷ್ಟರೊಳಗೆ ನಮ್ಮದು ಮಾರಾಟವಾಗದಿದ್ದರೆ ಅದೂ ಕೈತಪ್ಪುತ್ತಿತ್ತು.

ಬ್ರೋಕರ್ ರಮೇಶ್ ಬಂದವನು ಹಾಲ್ ನೋಡಿ, “ಸಾರ್, ಫೋಟೋ ತೆಗೆದು ನೆಟ್‌ಗೆ ಹಾಕ್ಬೇಕು. ನೋಡಿದ್ರೆ ಇಲ್ಲಿ ಯಾರೂ ವಾಸಾನೇ ಇಲ್ಲ ಅನ್ನಿಸ್ಬೇಕು. ನಾಳೆ ಬೆಳಿಗ್ಗೆ ಬರ್ತೀನಿ, ಎಲ್ಲಾ ಖಾಲಿ ಮಾಡ್ಬಿಡಿ” ಎಂದ. ಇಷ್ಟು ವರ್ಷ ವಾಸವಿದ್ದದ್ದೇ ತಪ್ಪಾಯಿತೇನೋ ಎಂಬಂತೆ ನಾನು ತಲೆಯಾಡಿಸಿದೆ.

ಖಾಲಿ ಮಾಡುವುದೇನೋ ಸರಿ, ಸಾಮಾನು ಇಡುವುದೆಲ್ಲಿ? ಎದುರು ಮನೆಯ ಶಮೀಮ್ ಆಪಾ ತಮ್ಮ ಬಾಗಿಲನ್ನು ಪೂರ್ತಿ ತೆರೆದು, “ನಮ್ಮನೆ ಇಲ್ವಾ ಭಾಯ್? ತಂದ್ಹಾಕಿ” ಎಂದರು. ಸೂಟ್‌ಕೇಸುಗಳು, ಬಟ್ಟೆಯ ಗಂಟುಗಳು, ನಾನು ಒಮ್ಮೆಯೂ ತುಳಿಯದ ವ್ಯಾಯಾಮದ ಸೈಕಲ್ಲು, ಎಲ್ಲವೂ ಅವರ ಹಾಲಿಗೆ ಹೋದವು. ನಾನು ಸಂಕೋಚದಿಂದ ನಿಂತಾಗ, “ನಮಾಜಿಗೆ ಒಂದು ಚಾಪೆ ಜಾಗ ಬಿಡಿ, ಸಾಕು” ಎಂದು ನಕ್ಕರು. ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು. ಹಾಗೆಂದು ಸಾಮಾನು ಸಾಗಿಸುವುದನ್ನೇನೂ ನಾನು ನಿಲ್ಲಿಸಲಿಲ್ಲ.

ಮರುದಿನ ರಮೇಶ್ ಮೊಬೈಲ್ ಎತ್ತಿ ಹಿಡಿಯುವುದಕ್ಕೂ ಅಮ್ಮ ಕೋಣೆಯಿಂದ ಹೊರಬರುವುದಕ್ಕೂ ಸರಿಹೋಯಿತು. ಮದುವೆಮನೆಗೆಂದೇ ಎತ್ತಿಟ್ಟ ಹಳದಿ ರೇಷ್ಮೆ ಸೀರೆ, ಬಾಚಿ ಕಟ್ಟಿದ ತುರುಬು. ಮನೆಯ ಫೋಟೋ ಎಂದರೆ ಮನೆಯವರ ಫೋಟೋ ಎಂದೇ ಅವಳು ತಿಳಿದಿದ್ದಳು. ಉಳಿದಿದ್ದ ಒಂದೇ ಕುರ್ಚಿಯನ್ನು ಹಾಲಿನ ನಡುವೆ ಎಳೆಸಿಕೊಂಡು ಕೂತು, “ಹೂಂ, ತೆಗಿಯಪ್ಪ” ಎಂದಳು.

ರಮೇಶ್ ನನ್ನನ್ನು ನೋಡಿದ. ನಾನು ಹೆಂಡತಿ ಸುಧಾಳನ್ನು ನೋಡಿದೆ. ಸುಧಾ ಫ್ಯಾನ್ ನೋಡಿದಳು.

“ಅಜ್ಜಿ, ಬರೀ ಮನೆ ಫೋಟೋ ಸಾಕು...” ಎಂದ ರಮೇಶ್.

“ಬರೀ ಮನೇನ ನೋಡಿ ಯಾರು ಏನ್ ಮಾಡ್ತಾರೆ? ನೀನ್ ತೆಗಿ.”

ಕೊನೆಗೆ ಉಳಿದಿದ್ದ ಹಾಸಿಗೆಯನ್ನು ಎತ್ತಿಕೊಂಡು ನಾನು ಬಾಲ್ಕನಿ ಬಾಗಿಲ ಮರೆಗೆ ಸರಿದ ಮೇಲೆ, ರಮೇಶ್ ಅವಳ ಸಮಾಧಾನಕ್ಕೆ ಒಂದು ತೆಗೆದ. ಅಮ್ಮ ತೃಪ್ತಿಯಿಂದ ಒಳಗೆ ಹೋದ ಮೇಲೆ ಖಾಲಿ ಕೋಣೆಗಳ ಫೋಟೋಗಳೂ ಆದವು. ಸಂಜೆ ನೆಟ್‌ನಲ್ಲಿ ನೋಡಿದರೆ ಎಲ್ಲಕ್ಕಿಂತ ಮೊದಲು ಅಮ್ಮ! ಗಾಬರಿಯಿಂದ ರಮೇಶನಿಗೆ ಫೋನ್ ಮಾಡಿದೆ. “ಅಯ್ಯೋ, ಕೈತಪ್ಪಿ ಹೋಗಿದೆ ಸಾರ್, ಈಗ್ಲೇ ತೆಗೀತೀನಿ” ಎಂದವನು ಮರೆತ.

ಆ ಭಾನುವಾರ ಒಬ್ಬ ಹುಡುಗಿ ಗಂಡನ ಜೊತೆ ಮನೆ ನೋಡಲು ಬಂದಳು. “ಬೇರೆ ಮನೆಗಳೆಲ್ಲಾ ಹೋಟೆಲ್ ರೂಮ್ ತರ ಇದ್ವು ಆಂಟಿ. ಫೋಟೋದಲ್ಲಿ ಅಜ್ಜಿ ಸೀರೆ ಮೇಲೆ ಬಿಸಿಲು ಬಿದ್ದಿತ್ತಲ್ಲ, ಅದನ್ನ ನೋಡಿ ಇಲ್ಲಿ ಇರ್ಬೋದು ಅನ್ನಿಸ್ತು” ಎಂದಳು. ಮಾತು ಅಂದೇ ಕುದುರಿತು. ಅಮ್ಮ ಇನ್ನು ಬೀದಿಗಿಳಿದು ಸೊಪ್ಪನ್ನು ಮುಟ್ಟಿ ನೋಡಿಯೇ ಕೊಳ್ಳಬಹುದು. ಶಮೀಮ್ ಆಪಾಗೂ, ಅಮ್ಮನ ರೇಷ್ಮೆ ಸೀರೆಗೂ, ರಮೇಶನ ಮರೆವಿಗೂ ಮನಸ್ಸಿನಲ್ಲೇ ಕೈಮುಗಿದೆ.

ಹೊರಡುವ ಮುಂಚೆ ಹುಡುಗಿ ಅದೇ ಫೋಟೋವನ್ನು ದೊಡ್ಡದು ಮಾಡಿ ಸುಧಾಳಿಗೆ ತೋರಿಸಿದಳು. ಅಮ್ಮನ ಹಿಂದೆ, ಬಾಲ್ಕನಿ ಬಾಗಿಲ ಮರೆಯಲ್ಲಿ, ಬನಿಯನ್ ತೊಟ್ಟು ತಲೆಗೆ ಟವೆಲ್ ಸುತ್ತಿ, ಹಾಸಿಗೆಯ ಸುರುಳಿಯನ್ನು ತಬ್ಬಿಕೊಂಡು ನಾನು ನಿಂತಿದ್ದೆ. “ಇವ್ರು ನಿಮ್ಮನೆ ಕೆಲಸಕ್ಕೆ ಬರೋರಾ ಆಂಟಿ? ಮನೆ ಎಷ್ಟ್ ನೀಟಾಗಿಟ್ಟಿದಾರೆ! ನಮಗೂ ಯಾರಾದ್ರೂ ಬೇಕಿತ್ತು, ನಂಬರ್ ಕೊಡ್ತೀರಾ?”

ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ನಾನು ಅವಳ ಎದುರಿಗೇ ನಿಂತಿದ್ದೆ. ಸುಧಾ ನನ್ನ ಕಡೆ ತಿರುಗಿಯೂ ನೋಡದೆ, “ಇಲ್ಲಮ್ಮ, ಇವ್ರನ್ನ ನಾವು ಯಲಹಂಕಕ್ಕೆ ಕರ್ಕೊಂಡ್ ಹೋಗ್ತಿದೀವಿ” ಎಂದಳು.

ಬಿಟ್ಟು ಹೋಗುತ್ತಿಲ್ಲವಲ್ಲ ಎಂಬ ಕೃತಜ್ಞತೆಯಿಂದ, ಎಲ್ಲರಿಗೂ ಕಾಫಿ ತರಲು ನಾನೇ ಒಳಗೆ ಹೋದೆ.