ಕನ್ನಡಿಯ ಮೇಲೆ ನಾನೆಳೆದ ಗೆರೆ

ಐವತ್ತು ವರ್ಷ ಮರಗೆಲಸ ಮಾಡಿದವನು ನಾನು. ಶಾಲೆಯ ಹೊಸ್ತಿಲು ತುಳಿದವನಲ್ಲ. ಆ ಹೊಸ್ತಿಲನ್ನು ಮಾಡಿ ಕೂರಿಸಿದವನು. ಇಂಥವನಿಗೆ ನೇರ ಗೆರೆ ಎಳೆಯುವುದನ್ನು ಹೇಳಿಕೊಡಲು ಬಂದರೆ ಮೈ ಉರಿಯದೆ ಇರುತ್ತದೆಯೇ?

ಮೊಮ್ಮಗಳ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ. ತಿಂಗಳ ಕೊನೆಗೆ ಡಾಕ್ಟರು ಮತ್ತೆ ಅಳೆಯುವವರಿದ್ದರು. ಬಾಗು ಹೆಚ್ಚಿದ್ದರೆ ಗಟ್ಟಿ ಪ್ಲಾಸ್ಟಿಕ್ ಕವಚ ತೊಟ್ಟೇ ಶಾಲೆಗೆ ಹೋಗಬೇಕು. ಹನ್ನೆರಡರ ಹುಡುಗಿಗೆ ಅದೇ ದೊಡ್ಡ ಅಂಜಿಕೆ. ವ್ಯಾಯಾಮ ಕಲಿಸುವ ಫಿಸಿಯೋ ಅಮ್ಮ, "ಕನ್ನಡಿ ಮೇಲೆ ನೆಟ್ಟಗೆ ಒಂದು ಗೆರೆ ಹಾಕಿ. ಅದಕ್ಕೆ ಮೈ ಹೊಂದಿಸಿ ನಿಂತು, ತಗ್ಗಿರೋ ಪಕ್ಕೆಗೆ ಉಸಿರು ತುಂಬಲಿ" ಎಂದಿದ್ದರು.

"ಮಾವ, ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಟ್ಟು ಎಳೀರಿ" ಎಂದಳು ಸೊಸೆ.

"ಗುಂಡು ಕಲಿಯೋರಿಗೆ ಕಣಮ್ಮ. ನನಗೆ ನನ್ನ ಕಣ್ಣೇ ಗುಂಡು" ಎಂದು ಬರಿಗಣ್ಣಲ್ಲೇ ಗೆರೆ ಎಳೆದೆ. (ಈ ಮಾತು ಆಮೇಲೆ ಮನೆಯಲ್ಲಿ ಊಟಕ್ಕೊಮ್ಮೆ, ತಿಂಡಿಗೊಮ್ಮೆ ಬಡಿಸಲ್ಪಟ್ಟಿತು.)

ಎರಡೇ ದಿನಕ್ಕೆ ಮೊಮ್ಮಗಳ ದೂರು ಶುರುವಾಯಿತು. "ತಾತ, ಈ ಗೆರೆಗೆ ನಿಂತ್ರೆ ಬಲಗಡೆಗೆ ಬೀಳೋ ಹಾಗಾಗುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುಮ್ನೆ ನಿಲ್ಲು."

ಪಾಪ, ತುಟಿ ಕಚ್ಚಿಕೊಂಡು ವಾರವಿಡೀ ನಿಂತಳು.

ಮುಂದಿನ ವಾರ ಫಿಸಿಯೋ ಅಮ್ಮ ಮನೆಗೆ ಬಂದವರು ಹುಡುಗಿಯನ್ನು ಬಿಟ್ಟು ಕನ್ನಡಿಯನ್ನೇ ನೋಡತೊಡಗಿದರು. ನನ್ನವಳು ನನ್ನದೇ ಪೆಟ್ಟಿಗೆಯಿಂದ ತೂಗುಗುಂಡು ತಂದು, ಗೆರೆಯ ತುದಿಗೆ ದಾರ ಹಿಡಿದು ಇಳಿಬಿಟ್ಟಳು. ಮೇಲೆ ಜೊತೆಗೆ ಹೊರಟ ದಾರವೂ ಗೆರೆಯೂ ಕೆಳಗೆ ಬರುವಷ್ಟರಲ್ಲಿ ಮೂರು ಬೆರಳು ದೂರವಾಗಿದ್ದವು. ಸೊಸೆ ನಗು ನುಂಗಿ ಸೂರು ನೋಡಿದಳು.

ಫಿಸಿಯೋ ಅಮ್ಮ ನನ್ನನ್ನೇ ಕನ್ನಡಿಯ ಮುಂದೆ ನಿಲ್ಲಿಸಿದರು. "ಮರ ಹೆರೆಯೋ ಹತ್ತರಿ ತಳ್ಳಿ ತಳ್ಳಿ ಬಲಭುಜ ಇಳಿದುಹೋಗಿದೆ ಯಜಮಾನ್ರೇ. ಕಣ್ಣೇನೋ ಚೆನ್ನಾಗಿದೆ, ಅದನ್ನ ಹೊತ್ತಿರೋ ತಲೆ ವಾಲಿದೆ."

"ಮದುವೆಯಾದಾಗಿಂದ ಅದನ್ನೇ ಹೇಳ್ತಿದ್ದೀನಿ" ಎಂದಳು ನನ್ನವಳು.

ಹೊಸ ಗೆರೆ ಗುಂಡಿನ ಸಾಕ್ಷಿಯಲ್ಲೇ ಬಿತ್ತು. ತಿಂಗಳ ಕೊನೆಗೆ ಅಳೆದಾಗ ಬಾಗು ಹೆಚ್ಚಿರಲಿಲ್ಲ. ಸದ್ಯಕ್ಕೆ ಕವಚ ಬೇಡ, ವ್ಯಾಯಾಮ ಮಾತ್ರ ಬಿಡಬೇಡ ಎಂದರು ಡಾಕ್ಟರು. ನನ್ನ ಎದೆಯ ಮೇಲಿನ ದಿಮ್ಮಿ ಇಳಿಯಿತು.

ಈಗ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಎರಡು ಚಾಪೆ. ಗುರು ಮೊಮ್ಮಗಳು, ಶಿಷ್ಯ ನಾನು. ನಿನ್ನೆ ಒಂಟಿಕಾಲಲ್ಲಿ ನಿಂತು ಓಲಾಡುತ್ತಾ, "ಇಲ್ಲಿ ನೆಲ ಸ್ವಲ್ಪ ಇಳಿಜಾರು ಕಣೇ" ಎಂದೆ.

ಅವಳು ಪೆಟ್ಟಿಗೆಯಿಂದ ನೆಲದ ಮಟ್ಟ ನೋಡುವ ರಸಮಟ್ಟ ತಂದು ನನ್ನ ಕಾಲ ಬುಡದಲ್ಲಿಟ್ಟಳು. ಅದರೊಳಗಿನ ಗುಳ್ಳೆ ಅತ್ತಿತ್ತ ಅಲುಗದೆ ನಟ್ಟನಡುವೆ ನಿಂತಿತು, ನನಗೂ ಹಾಗೇ ನಿಲ್ಲು ಎನ್ನುವಂತೆ.