ಡ್ರಿಲ್ ಮಾಸ್ತರನ ವಾಲ್ಟ್ಸು

ಬೀದರಿನಂಥ ಊರಿನಲ್ಲಿ ಸ್ವಂತ ಹೆಂಡತಿಯ ಕೈ ಹಿಡಿದು ಇಂಗ್ಲಿಷರ ಕುಣಿತ ಕುಣಿಯುವವನಿಗೆ ನಗೆಪಾಟಲು ತಪ್ಪುವುದಿಲ್ಲ. ಒಂದು ಮುಗಿಯಿತು ಅನ್ನುವುದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಆದರೆ ನಾನು ಹೇಳುವ ಕಾಲ ನಗುವ ಕಾಲವಾಗಿರಲಿಲ್ಲ. ನಿಜಾಮರ ರಾಜ್ಯ ಮುಗಿಯುತ್ತ ಬಂದಿದ್ದ ವರ್ಷಗಳು ಅವು.

ಮೂರನೇ ಕಾಲು

ನಾನು ಬೀದರಿನ ಸರ್ಕಾರಿ ಸಾಲಿಯಲ್ಲಿ ಡ್ರಿಲ್ ಮಾಸ್ತರ. ಊರಲ್ಲಿ ಸಾಹೇಬರ ಕ್ಲಬ್ಬೊಂದಿತ್ತು. ಅಲ್ಲಿ ರೈಲ್ವೆ ಅಧಿಕಾರಿಯೊಬ್ಬರ ಹೆಂಡತಿ, ಗೋವಾದವರು, ಸಾಹೇಬರಿಗೂ ಅವರ ಮನೆಯವರಿಗೂ ವಾಲ್ಟ್ಸು, ಟ್ಯಾಂಗೋ, ರುಂಬಾ ಎಂಬ ಜೋಡಿ ಕುಣಿತಗಳನ್ನು ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ಮೈದಾನದಲ್ಲಿ ನನ್ನ ಗಂಟಲು ಕೇಳಿ, ತಾಳಕ್ಕೆ ಎಣಿಸಲು ಕರೆಸಿಕೊಂಡರು. ಒಂದು ದಿನ ಕುಣಿಯಲು ಗಂಡಸೊಬ್ಬ ಕಡಿಮೆ ಬಿದ್ದ, ನನ್ನನ್ನೇ ನಿಲ್ಲಿಸಿದರು.

ನನಗೆ ಗೊತ್ತಿದ್ದದ್ದು ಎಡ, ಬಲ. ವಾಲ್ಟ್ಸಿಗೆ ಬೇಕಾದದ್ದು ಒಂದು, ಎರಡು, ಮೂರು. ಪ್ರತಿ ಸಲ ಮೂರಕ್ಕೆ ಬಂದು ಕಂಬದಂತೆ ನಿಲ್ಲುತ್ತಿದ್ದೆ.

"ಮಾಸ್ತರ್‌ಜಿ, ಮೂರು ಎಲ್ಲಿ ಹೋಯಿತು?" ಅಂದರು ಮೇಡಂ.

"ದೇವರು ನನಗ ಎರಡೇ ಕಾಲು ಕೊಟ್ಟಾನ್ರಿ ಮೇಡಂ."

ಮೊದಲ ಮಾತು

ಆ ಮಳೆಗಾಲದಲ್ಲಿ ನಮ್ಮ ಒಬ್ಬಳೇ ಮಗಳು ಕಾಲರಾದಲ್ಲಿ ಹೋದಳು. ಆಗಿನ್ನೂ ಸಾಲಿಗೆ ಹಾಕುವ ವಯಸ್ಸೂ ಆಗಿರಲಿಲ್ಲ. ನನ್ನ ಹೆಂಡತಿ ಗೋಡೆಗೆ ಬೆನ್ನು ಕೊಟ್ಟು ಕೂತವಳು ಏಳಲಿಲ್ಲ, ಮಾತಾಡಲಿಲ್ಲ. ಬಂದವರೆಲ್ಲ ಸಮಾಧಾನ ಹೇಳಿದರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ದಸರೆ ಬಂತು, ದೀಪಾವಳಿ ಬಂತು; ನಮ್ಮ ಮನೆಯೊಳಗೆ ಮಾತು ಬರಲಿಲ್ಲ.

ನಮ್ಮ ಸುದ್ದಿ ಕೇಳಿ ಒಂದು ಮಧ್ಯಾಹ್ನ ಮೇಡಂ ಬಂದರು. ಅವರಿಗೆ ಕನ್ನಡ ಬರದು, ನನ್ನವಳಿಗೆ ಅವರ ಹಿಂದುಸ್ತಾನಿ ತಿಳಿಯದು. ಮೇಡಂ ಸುಮ್ಮನೆ ಅವಳ ಎರಡೂ ಕೈ ಹಿಡಿದು ಎಬ್ಬಿಸಿದರು. ಏನೂ ಹೇಳದೆ, ಮೆಲ್ಲಗೆ ಒಂದು, ಎರಡು, ಮೂರು ಎಂದು ಮನೆಯೊಳಗೆ ನಡೆಸಿದರು. ಅವಳು ನಿದ್ದೆಗಣ್ಣಲ್ಲಿದ್ದವಳ ಹಾಗೆ ನಡೆದಳು. ಒಂದು ಸುತ್ತು, ಇನ್ನೊಂದು ಸುತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ತಟ್ಟನೆ ನನ್ನ ಕಡೆ ತಿರುಗಿ ಅಂದಳು: "ಏನ್ರಿ, ಈ ಹೆಣ್ಣಮಗಳು ನನ್ನ ಕಾಲ ತುಳೀಲತ್ತಾಳ."

ನನಗೆ ಅಳು ತಡೆಯಲಾಗಲಿಲ್ಲ. ಏನಂದಳು ಎಂದು ಮೇಡಂ ಗಾಬರಿಯಿಂದ ಕೇಳಿದರು.

"ಭಾಳ ಚಲೋ ಕಲಿಸ್ತೀರಿ ಅಂತಾಳ್ರಿ," ಅಂದೆ.

ಹಲಬರ್ಗಾದ ದಾರಿ

ಅಂದಿನಿಂದ ದಿನಾ ಸಂಜೆ ಮೇಡಂ ಗ್ರಾಮೋಫೋನು ತಂದು ನಮ್ಮಿಬ್ಬರಿಗೂ ಕಲಿಸತೊಡಗಿದರು. ಸಿಕಂದರಾಬಾದಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಕುಣಿತದ ಪಂದ್ಯಕ್ಕೆ ನಮ್ಮನ್ನು ಕಳಿಸುವುದು ಅವರ ಆಸೆ. ಎದುರಿಗೊಂದು ಪಂದ್ಯ ಇದ್ದರೆ ನನ್ನ ಹೆಂಡತಿ ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಾಳೆ ಎಂಬುದು ನನ್ನ ಆಸೆ. ಒಮ್ಮೊಮ್ಮೆ ಕುಣಿತದ ನಡುವೆಯೇ ಅವಳು ಕಲ್ಲಾಗುತ್ತಿದ್ದಳು. ಆಗ ಮೇಡಂ ರೆಕಾರ್ಡು ನಿಲ್ಲಿಸುತ್ತಿರಲಿಲ್ಲ. ನಾನು ಅವಳ ಕೈ ಹಿಡಿದೇ ನಿಂತಿರುತ್ತಿದ್ದೆ. ಅವಳಾಗಿ ಹೆಜ್ಜೆ ಎತ್ತುವ ತನಕ.

ಹರದಾರಿಗಟ್ಟಲೆ ದೂರದ ಹಲಬರ್ಗಾದಿಂದ ಅತ್ತೆ ಬಂದ ದಿನ ನಾವು ಟ್ಯಾಂಗೋ ಹಿಡಿದಿದ್ದೆವು. ಅದರಲ್ಲಿ ಗಂಡ ಹೆಂಡತಿ ಕೈ ಹಿಡಿದುಕೊಂಡೇ ಝಟ್ಟನೆ ಮುಖ ಆಚೆ ತಿರುಗಿಸಬೇಕು. ಅತ್ತೆ ಗಂಟು ಕೆಳಗಿಟ್ಟವರು ಅಲ್ಲೇ ನಿಂತರು.

"ಜಗಳ ಆಗಿದ್ರ ಬಾಯಿ ಬಿಟ್ಟು ಬೈಕೋರಿ. ಕೈ ಹಿಡ್ಕೊಂಡು ಮಾರಿ ತಿರುವೋದು ಯಾವ ಪದ್ಧತಿರಿ?"

ಜಗಳವಲ್ಲ, ಅಭ್ಯಾಸ ಎಂದು ಹೇಳಿ ಕೂರಿಸಿದೆ. ರೆಕಾರ್ಡು ಮುಗಿಯುವವರೆಗೂ ಗಲ್ಲಕ್ಕೆ ಕೈ ಕೊಟ್ಟು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಅಳಿಯಾರೆ, ಇಷ್ಟು ನಡದಿದ್ರ ಇಷ್ಟೊತ್ತಿಗಿ ಹಲಬರ್ಗಾ ಮುಟ್ಟತಿದ್ರಿ. ನೀವು ಇನ್ನಾ ಪಡಸಾಲಿ ಸೈತ ದಾಟಿಲ್ಲ."

ಔರಾದ ರಸ್ತೆ

ಆಮೇಲೆ ನಿಜಾಮರ ಪರ, ವಿರೋಧ ಎಂದು ಗದ್ದಲ ಶುರುವಾಯಿತು. ಸುತ್ತಲ ಹಳ್ಳಿಗಳಿಂದ ದಿನಾ ಕೆಟ್ಟ ಸುದ್ದಿ. ಪಂದ್ಯ ನಿಂತಿತು. ಕ್ಲಬ್ಬಿಗೆ ಬೀಗ ಬಿತ್ತು. ಮೇಡಂ ಗಂಡನಿಗೆ ದೂರದೂರಿಗೆ ವರ್ಗವಾಯಿತು. ಹೋಗುವಾಗ ಗ್ರಾಮೋಫೋನು ನಮ್ಮ ಮನೆಯಲ್ಲಿ ಇಳಿಸಿ, ನನ್ನ ಹೆಂಡತಿಯ ಗಲ್ಲ ಹಿಡಿದು, "ನಿಲ್ಲಿಸಬೇಡ" ಅಂದರು. ಅಷ್ಟು ಕನ್ನಡ ಅವರಿಗೆ ನಾನೇ ಹೇಳಿಕೊಟ್ಟಿದ್ದೆ.

ಬೀದರಿನಲ್ಲಿ ಇರಲಾರದೆ, ಹೆಂಡತಿಯ ಸೋದರಮಾವನ ಔರಾದದ ಮನೆಗೆ ಬಂಡಿ ಕಟ್ಟಿಸಿಕೊಂಡು ಹೊರಟೆವು. ದಾರಿಯಲ್ಲಿ ಬಂದೂಕು ಹಿಡಿದವರ ಗುಂಪೊಂದು ಅಡ್ಡ ಹಾಕಿತು. ಬಂಡಿಯಲ್ಲಿ ಹಾಸಿದ ಹುಲ್ಲಿನೊಳಗಿಂದ ಗ್ರಾಮೋಫೋನಿನ ಕಹಳೆ ಇಣುಕುತ್ತಿತ್ತು.

"ಇದೇನು, ತೋಪಾ?" ಅಂದ ಮುಖಂಡ.

"ಬಾಜಾ ಸಾಬ್, ಕುಣಿಯೋದಕ್ಕ."

"ಯಾರು ಕುಣಿಯೋದು?"

"ನಾನು, ನನ್ನ ಹೆಂಡ್ತಿ."

ಸುಳ್ಳು ಹೇಳುತ್ತೀಯಾ ಎಂದು ಬಂದೂಕು ನನ್ನ ಎದೆಗೆ ಇಟ್ಟ. ಖರೇ ಇದ್ದರೆ ಇಲ್ಲೇ ಕುಣಿದು ತೋರಿಸಬೇಕಂತೆ. ಬಂಡಿಯವನು ಗ್ರಾಮೋಫೋನಿಗೆ ಕೀಲಿ ಕೊಟ್ಟ. ಸುಡುಬಿಸಿಲಲ್ಲಿ, ಕೆಂಪು ಮಣ್ಣಿನ ಮೇಲೆ, ನಾವಿಬ್ಬರೂ ರುಂಬಾ ಕುಣಿದೆವು. ರುಂಬಾಕ್ಕೆ ನಡು ಅಲುಗಬೇಕು. ನಮಗೆ ಮೈಯೆಲ್ಲ ಅಲುಗುತ್ತಿತ್ತು. ಹಲ್ಲು ಸೈತ ತಾಳ ಹಾಕುತ್ತಿದ್ದವು. ನಿಂತರೆ ಗುಂಡು ಬೀಳುತ್ತದೆಂದು ರೆಕಾರ್ಡು ಮುಗಿದ ಮೇಲೂ ಕುಣಿಯುತ್ತಲೇ ಇದ್ದೆವು.

ಮುಖಂಡ ಬಂದೂಕು ಇಳಿಸಿ, ತನ್ನವರ ಕಡೆ ತಿರುಗಿ ಮರುಕದಿಂದ ಹೇಳಿದ: "ಬಿಡ್ರೋ ಪಾಪ, ಗಂಡ ಹೆಂಡ್ತಿ ಇಬ್ಬರಿಗೂ ಫಿಟ್ಸ್ ಅದ."

ಭಾಲ್ಕಿಯ ಗೋದಾಮು

ಪೊಲೀಸ್ ಆಕ್ಷನ್ ಆಯಿತು, ಭಾರತದ ಸೇನೆ ಬಂದು ನಿಜಾಮರ ರಾಜ್ಯ ಮುಗಿಯಿತು. ಬೀದರಿಗೆ ಮರಳಿದಾಗ ನಮ್ಮ ಓಣಿ ಗುರುತೇ ಸಿಗಲಿಲ್ಲ. ನನ್ನ ಡ್ರಿಲ್ ಕೋಟು ಹೊಲಿದುಕೊಡುತ್ತಿದ್ದ ಎದುರು ಮನೆಯ ದರ್ಜಿ ಚಾಚಾನ ಬಾಗಿಲು ಹಾರು ಹೊಡೆದಿತ್ತು. ಚಾಚಾ ಎಲ್ಲಿ ಎಂದು ಕೇಳಿದರೆ ಜನ ನೆಲ ನೋಡುತ್ತಿದ್ದರು. ಮೊದಲು ನಿಜಾಮರ ಪರ ಬಂದೂಕು ಹಿಡಿದ ಅವರು ಕೊಂದರು, ಆಮೇಲೆ ಸೇಡಿಗೆ ಇವರು ಕೊಂದರು. ಸಾಲಿ ತೆರೆಯುವ ತನಕ ಎಂದು ಭಾಲ್ಕಿಯ ಅಣ್ಣನ ಮನೆಗೆ ಹೋದೆವು.

ಈ ಸಲ ಗೋಡೆಗೆ ಬೆನ್ನು ಕೊಟ್ಟು ಕೂತವನು ನಾನು. ಒಂದು ದಿನ ಹೆಂಡತಿ ಬಂದು ಕೈ ಹಿಡಿದು ಎಳೆದಳು.

"ಏಳ್ರಿ."

"ಊರಿಗೂರೇ ಸೂತಕದಾಗ ಅದ. ಕುಣಿಲಿಕ್ಕ ಮನಸ್ಸು ಬರ್ತದೇನು?"

"ನನಗ ಮನಸ್ಸು ಬಂದಿತ್ತೇನು? ಕಾಲು ಮೊದಲ ನಡದ್ವು, ಮನಸ್ಸು ಹಿಂದಿಂದ ಬಂತು. ಏಳ್ರಿ."

ಅಣ್ಣನ ಜೋಳದ ಗೋದಾಮಿನಲ್ಲಿ, ಚೀಲಗಳ ನಡುವಿನ ಜಾಗದಲ್ಲಿ ಕುಣಿದೆವು. ಅಣ್ಣನಿಗೆ ಗೊತ್ತಾಗಿ ಕೆಂಡವಾದ. "ತಮ್ಮಾ, ಮಂದಿ ಏನಂದಾರು? ನಾಳಿಂದ ಈ ಕಡಿ ಕಾಲಿಟ್ಟರ ನೋಡು!" ನಾವು ನಿಲ್ಲಿಸಿದೆವು.

ವಾರ ಕಳೆಯುವುದರೊಳಗೆ ಅಣ್ಣನೇ ಬಂದು ಬಾಗಿಲಲ್ಲಿ ಕೆಮ್ಮಿದ. "ಅಲ್ಲೋ ತಮ್ಮಾ, ನೀವು ಕುಣಿಯೋಷ್ಟು ದಿನ ಗೋದಾಮಿನಾಗ ಒಂದು ಇಲಿ ಇದ್ದಿಲ್ಲ. ನಿನ್ನೆ ಒಂದು ಚೀಲ ತೂತು ಮಾಡ್ಯಾವ." ದನಿ ಇಳಿಸಿದ. "ಮುಂಜಾನಿ ಒಮ್ಮಿ, ಸಂಜಿಗಿ ಒಮ್ಮಿ ಬರ್ರಿ. ಆ ಮೂಲಿಗಿ ಸ್ವಲ್ಪ ಜೋರಾಗೇ ತುಳೀರಿ."

ಸಿಕಂದರಾಬಾದಿನ ಪಂದ್ಯ

ನಿಂತುಹೋಗಿದ್ದ ಪಂದ್ಯ ಮತ್ತೆ ನಡೆಯುತ್ತದೆಂದು ಸುದ್ದಿ ಬಂತು. ಹೋದೆವು. ಮೇಡಂ ಬಂದಿರಬಹುದೆಂದು ಬಾಗಿಲಲ್ಲಿ ಬಹಳ ಹೊತ್ತು ಕಾದೆವು; ಬರಲಿಲ್ಲ. ಒಳಗೆ ಗೌನು, ಕಪ್ಪು ಸೂಟು, ಬ್ಯಾಂಡು. ನನ್ನವಳು ಇಳಕಲ್ ಸೀರೆಯಲ್ಲಿ, ನಾನು ಇಸ್ತ್ರಿ ಮಾಡಿದ ಡ್ರಿಲ್ ಕೋಟಿನಲ್ಲಿ. ಎಲ್ಲರೂ ನಮ್ಮನ್ನು ನೋಡಿದರು. ಅವಳೇ ನನ್ನ ಕೈ ಹಿಡಿದು ನಡುವಿಗೆ ನಡೆದಳು.

ವಾಲ್ಟ್ಸು ಶುರುವಾಯಿತು. ಸ್ವಲ್ಪ ಹೊತ್ತಿಗೆ ತೀರ್ಪುಗಾರ, ಬಿಳಿ ಮೀಸೆಯ ಮುದುಕ ದೊರೆ, ಬಂದು ನನ್ನ ಬೆನ್ನು ತಟ್ಟಿದ. ಶಾಬಾಸ್ ಅಂದ ಹಾಗಾಯಿತು. "ಥ್ಯಾಂಕ್ಯೂ ಸರ್" ಎಂದು ಹುರುಪಿನಿಂದ ಕುಣಿದೆ. ಇನ್ನೊಂದು ಸುತ್ತಿಗೆ ಮತ್ತೆ ತಟ್ಟಿದ. "ಥ್ಯಾಂಕ್ಯೂ ಸರ್." ಮೂರನೇ ಸಲ ಸ್ವಲ್ಪ ಜೋರಾಗಿಯೇ ಬಿತ್ತು.

"ಭಾಳ ಖುಷಿ ಆಗ್ಯಾನ," ಅಂದಳು ಹೆಂಡತಿ.

ಉಳಿದ ಜೋಡಿಗಳ ಬೆನ್ನನ್ನೂ ಅವನು ತಟ್ಟುತ್ತಿದ್ದ. ಅವರೋ ತಟ್ಟಿದ ಕೂಡಲೇ ತಲೆ ತಗ್ಗಿಸಿ ಹೊರಗೆ ನಡೆಯುತ್ತಿದ್ದರು. ಹೊಗಳಿದರೆ ಇಷ್ಟು ನಾಚಿಕೆಯೇ ಎಂದು ನನಗೆ ಬೆರಗು. ಕಡೆಗೆ ಅಷ್ಟು ದೊಡ್ಡ ಹಾಲಿನಲ್ಲಿ ಉಳಿದದ್ದು ಎರಡೇ ಜೋಡಿ. ಬ್ಯಾಂಡು ನಿಂತಿತು. ದೊರೆ ಆ ಇನ್ನೊಂದು ಜೋಡಿಗೆ ಬಹುಮಾನದ ಕಪ್ಪು ಕೊಟ್ಟ. ಆಮೇಲೆ ನಮ್ಮ ಮುಂದೆ ಬಂದು, ಬೆವರು ಒರೆಸಿಕೊಂಡು, ಏನು ಹೇಳಬೇಕೋ ತಿಳಿಯದೆ, ಇಬ್ಬರ ಕೈಯನ್ನೂ ಕುಲುಕಿದ.

ಬಾಗಿಲಲ್ಲಿ ಬ್ಯಾಂಡಿನವನೊಬ್ಬ ನಕ್ಕು ನಕ್ಕು ನನಗೆ ವಿಷಯ ತಿಳಿಸಿದ: ಬೆನ್ನು ತಟ್ಟಿದರೆ ಪಂದ್ಯದಿಂದ ಹೊರಬಿದ್ದಂತೆ. ನಾವು ಹೊರಬಿದ್ದದ್ದು ಎಲ್ಲರಿಗಿಂತ ಮೊದಲು.

ರೈಲಿನಲ್ಲಿ ತಡವರಿಸುತ್ತ ಹೆಂಡತಿಗೆ ಹೇಳಿದೆ. ಅವಳು ಕಿಟಕಿಯ ಆಚೆ ನೋಡುತ್ತ ಸುಮ್ಮನಾದಳು. ಮತ್ತೆ ಆ ಮೌನ ಬಂತೇ ಎಂದು ಹೆದರಿದೆ. ವಿಕಾರಾಬಾದು ದಾಟಿದ ಮೇಲೆ ಬಾಯಿ ಬಿಟ್ಟಳು.

"ಹೊರಗ ಹೋಗ್ರಿ ಅಂತ ಬಾಯಿಲೆ ಹೇಳಬೇಕಿತ್ತಲ್ರಿ. ಬಂದೂಕು ಹಿಡಿದವರೇ ಬಾಯಿಲೆ ಮಾತಾಡ್ಯಾರ. ಬರೇ ಬೆನ್ನ ತಟ್ಟಿದ್ರ ನಾವೇನು ಎತ್ತೇನು, ಮುಂದ ಹೋಗ್ಲಿಕ್ಕ?"